ಮನೆಗಳಿಲ್ಲದ ಊರಿನಲ್ಲಿ ಒಂದು ಮಧ್ಯಾಹ್ನ

ಇಂಗ್ಲೆಂಡಿಗೆ ಹೋಗಿಬಂದವರು ಅಲ್ಲಿಯ ಅರಮನೆ, ಸೇತುವೆ, ಮೇಣದ ಬೊಂಬೆಗಳನ್ನು ವರ್ಣಿಸುವುದು ವಾಡಿಕೆ. ನಮ್ಮ ಸಂಘದ ಸಭಾಂಗಣದಲ್ಲಿ ಅಂಥ ವರ್ಣನೆಗಳನ್ನು ನಾವೆಲ್ಲ ಸಾಕಷ್ಟು ಕೇಳಿದ್ದೇವೆ. ಲೀಡ್ಸ್ ನಗರದಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳಿದ್ದು ಬಂದ ನಾನು ಹೇಳಹೊರಟಿರುವುದು ಮಾತ್ರ, ನೋಡಲು ಹೆಚ್ಚೇನೂ ಇಲ್ಲದ ಒಂದು ಜಾಗದ ವಿಷಯ. ಅದರ ಹೆಸರು ವಾರಮ್ ಪರ್ಸಿ. ಯಾರ್ಕ್‌ಷೈರ್ ಸೀಮೆಯ ಸುಣ್ಣಗಲ್ಲಿನ ಗುಡ್ಡಗಳ ನಡುವೆ, ಒಂದು ಕಣಿವೆಯ ಅಂಚಿನಲ್ಲಿ ಅದು ಇದೆ. ಇದೆ ಎನ್ನುವುದಕ್ಕಿಂತ ಇತ್ತು ಎನ್ನುವುದೇ ಸರಿ.

ಕಾರು ನಿಲ್ಲಿಸಿ ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆಯಬೇಕು. ನಡೆದುಹೋದರೆ ಕಾಣುವುದು ಹಸಿರು ಹುಲ್ಲು, ಮಾಡಿಲ್ಲದ ಒಂದು ಇಗರ್ಜಿ, ಕೆಳಗೆ ಒಂದು ಮೀನಿನ ಕೆರೆ. ಅಷ್ಟೇ. "ಇದನ್ನು ನೋಡೋಕೆ ಇಷ್ಟು ದೂರ ಬರಬೇಕಿತ್ತೇನ್ರೀ?" ಎಂದಳು ನನ್ನ ಹೆಂಡತಿ. ಅಳಿಯ ನಗುತ್ತಾ, "ಅತ್ತೆ, ನೀವು ನಿಂತಿರೋದು ಯಾರದೋ ಅಡುಗೆ ಮನೆಯಲ್ಲೇ ಇರಬಹುದು" ಎಂದ. ಆಕೆ ಥಟ್ಟನೆ ಎರಡು ಹೆಜ್ಜೆ ಸರಿದು ನಿಂತಳು.

ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಆ ಹುಲ್ಲಿನ ಉಬ್ಬುತಗ್ಗುಗಳೇ ಊರು. ಸುಮಾರು 40 ಮನೆಗಳ ನೆಲಗಟ್ಟುಗಳು, ಹಿತ್ತಿಲುಗಳು, ನಡುವೆ ತಗ್ಗಾಗಿ ಹೋದ ಬೀದಿ, ಎಲ್ಲವೂ ಹಸಿರು ಹೊದಿಕೆಯ ಕೆಳಗೆ ಮಲಗಿವೆ. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಇತಿಹಾಸ ಕಲಿಸುತ್ತಿದ್ದ ಮಾರಿಸ್ ಬೆರೆಸ್‌ಫರ್ಡ್ 1948ರಲ್ಲಿ ಇಲ್ಲಿಗೆ ಬಂದರು. ಕೆಲವು ವರ್ಷಗಳ ನಂತರ ಪುರಾತತ್ವಜ್ಞ ಜಾನ್ ಹರ್ಸ್ಟ್ ಅವರ ಜೊತೆಗೂಡಿದರು. 1950ರಿಂದ 1990ರವರೆಗೆ ಬೇಸಿಗೆ ಬಂತೆಂದರೆ ಕೆಲವು ವಾರ ಇಲ್ಲಿ ಉತ್ಖನನ. ಅಗೆದವರಲ್ಲಿ ಬಹುಮಂದಿ ಸಂಬಳವಿಲ್ಲದೆ ಬಂದ ಸ್ವಯಂಸೇವಕರು. ಅಗೆದದ್ದು ನಿಧಿಗಾಗಿ ಅಲ್ಲ, ಒಕ್ಕಲು ಮಕ್ಕಳು ಹೇಗೆ ಬಾಳಿದರು ಎಂದು ತಿಳಿಯುವುದಕ್ಕಾಗಿ. ಇಂಗ್ಲೆಂಡಿನಲ್ಲಿ ಹೀಗೆ ಬರಿದಾದ ಮಧ್ಯಯುಗದ ಊರುಗಳು ಸುಮಾರು 3000 ಇವೆಯಂತೆ. ಅವುಗಳಲ್ಲಿ ಇಷ್ಟು ತಾಳ್ಮೆಯಿಂದ ಶೋಧಿಸಲ್ಪಟ್ಟದ್ದು ಅಪರೂಪ.

ಊರು ಬರಿದಾದದ್ದು ಹೇಗೆ? 1348–49ರ ಮಹಾಮಾರಿ ಪ್ಲೇಗಿನಿಂದ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಮಾರಿ ಬಂದುಹೋದ ಮೇಲೆ, 1368ರಲ್ಲಿಯೂ, ಇಲ್ಲಿ ಸುಮಾರು 30 ಮನೆಗಳಲ್ಲಿ ಒಲೆ ಉರಿಯುತ್ತಿತ್ತು. 1458ರ ಹೊತ್ತಿಗೆ ಉಳಿದದ್ದು 16. 1500ರ ಸುಮಾರಿಗೆ ಕೊನೆಯ ನಾಲ್ಕು ಸಂಸಾರಗಳನ್ನು ಜಮೀನುದಾರ ಹೊರಹಾಕಿ ಮನೆಗಳನ್ನು ಕೆಡವಿಸಿದ. ಕಾರಣ, ಕುರಿ! ಉಣ್ಣೆಗೆ ಒಳ್ಳೆಯ ಬೆಲೆಯಿತ್ತು. ಉಳುವ ನೆಲಕ್ಕಿಂತ ಹುಲ್ಲುಗಾವಲು ಲಾಭ ತರುತ್ತಿತ್ತು. ಮಾರಿಗೆ ಜಗ್ಗದ ಊರು ಲಾಭದ ಲೆಕ್ಕಕ್ಕೆ ಸೋತಿತು.

ನನಗೆ ಬಹಳ ಹಿಡಿಸಿದ್ದು ಮನೆಗಳ ಕಥೆ. ಮೊದಮೊದಲು ಅಗೆದವರು ಬಡಕಲು ಗೋಡೆಗಳ ಬುಡ ಕಂಡು, ಇವು ಒಂದು ತಲೆಮಾರೂ ಬಾಳದ ಗುಡಿಸಲುಗಳು ಎಂದುಕೊಂಡರು. ಮುಂದೆ 1980ರ ದಶಕದಲ್ಲಿ ಆ ತಿಳಿವಳಿಕೆ ಬದಲಾಯಿತು. ಬಾಗಿದ ದೊಡ್ಡ ಮರಗಳನ್ನು ಎದುರುಬದುರು ನಿಲ್ಲಿಸಿ ನೆತ್ತಿಯಲ್ಲಿ ಕೂಡಿಸುತ್ತಿದ್ದರು; ಮಾಡಿನ ಭಾರವೆಲ್ಲ ಆ ಮರದ ಮೇಲೆ. ಗೋಡೆ ಬರಿಯ ಮರೆ, ಬಿದ್ದರೆ ಮತ್ತೆ ಕಟ್ಟಿಕೊಂಡರಾಯಿತು. ಮಲೆನಾಡಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮಣ್ಣಿನ ಗೋಡೆ ಕುಸಿದರೂ ಕಂಬ ತೊಲೆಗಳ ಮೇಲೆ ಮಾಡು ನಿಂತಿರುವುದನ್ನು ನಾವು ಕಂಡಿದ್ದೇವೆ.

ಇಗರ್ಜಿಯಂತೂ ಊರಿನ ಜನಗಣತಿಯ ಪುಸ್ತಕವೇ ಸರಿ. ಜನ ಹೆಚ್ಚಿದಾಗ ಪಕ್ಕಕ್ಕೆ ಕಮಾನು ತೆರೆದು ಅಂಕಣ ಸೇರಿಸಿದ್ದಾರೆ. ಜನ ಕಡಿಮೆಯಾದಾಗ ಅಂಕಣ ಕೆಡವಿ ಕಮಾನಿಗೆ ಕಲ್ಲು ತುಂಬಿದ್ದಾರೆ. ಮುಚ್ಚಿದ ಕಮಾನುಗಳು ಗೋಡೆಯಲ್ಲಿ ಈಗಲೂ ಕಾಣುತ್ತವೆ. ಊರು ಹೋದ ಮೇಲೂ ನೆರೆಯ ತಿಕ್ಸೆನ್‌ಡೇಲಿನ ಜನ ಗುಡ್ಡ ಹತ್ತಿಳಿದು ಇಲ್ಲಿಗೇ ಬರುತ್ತಿದ್ದರು; ಹತ್ತೊಂಬತ್ತನೆಯ ಶತಮಾನದಲ್ಲಿ ಅವರಿಗೆ ತಮ್ಮದೇ ಇಗರ್ಜಿಯಾಯಿತು. 1959ರ ಬಿರುಗಾಳಿಗೆ ಇಲ್ಲಿಯ ಗೋಪುರ ಅರ್ಧ ಕುಸಿಯಿತು. ಉಳಿದರ್ಧ ಈಗಲೂ ನಿಂತಿದೆ.

ಇಗರ್ಜಿಯ ಅಂಗಳದಲ್ಲಿ ಸುಮಾರು 700 ಮಂದಿಯ ಅಸ್ಥಿಪಂಜರಗಳು ಸಿಕ್ಕವು. ತಾಯಂದಿರು ಮಕ್ಕಳಿಗೆ ಒಂದೂವರೆ ವರ್ಷದವರೆಗೆ ಮೊಲೆಯೂಡುತ್ತಿದ್ದರೆಂದು ಮೂಳೆಗಳ ಪರೀಕ್ಷೆಯಿಂದ ತಿಳಿದಿದೆ. ಹತ್ತು ವರ್ಷದ ಮಗು ಇಂದಿನ ಮಗುವಿಗಿಂತ ಸುಮಾರು 20 ಸೆಂಟಿಮೀಟರ್ ಗಿಡ್ಡವಾಗಿರುತ್ತಿತ್ತಂತೆ. ಮೊಮ್ಮಗನ ಹೆಗಲಿನಿಂದ ಕೆಳಗೆ ಗೇಣಿಟ್ಟು ಅಳೆದು ನೋಡಿದೆ. ಆ ಕೊರತೆ ಕಣ್ಣಿಗೆ ಕಟ್ಟಿತು.

ಇನ್ನೊಂದು ಸಂಗತಿ 2017ರಲ್ಲಿ ಪ್ರಕಟವಾಯಿತು. ಸ್ಮಶಾನದ ಹೊರಗೆ ಸಿಕ್ಕ ಕನಿಷ್ಠ ಹತ್ತು ಮಂದಿಯ ಮೂಳೆಗಳಲ್ಲಿ ಚೂರಿಯ ಗೀರುಗಳೂ ಸುಟ್ಟ ಗುರುತುಗಳೂ ಇದ್ದವು. ಸತ್ತವರು ಎದ್ದುಬಂದು ಕಾಡದಿರಲೆಂದು ಹೀಗೆ ಮಾಡಿರುವುದೇ ಹೆಚ್ಚು ಸಂಭವ ಎಂಬುದು ವಿದ್ವಾಂಸರ ಅಭಿಪ್ರಾಯ. ಇವರು ಪರಸ್ಥಳದವರೇನೋ ಎಂದು ಹಲ್ಲುಗಳನ್ನು ಪರೀಕ್ಷಿಸಿದರೆ, ಆ ಸೀಮೆಯಲ್ಲೇ ಬೆಳೆದವರು! ಸಂಶಯ ಮೊದಲು ಹೊರಗಿನವರ ಮೇಲೆ ಹೋಗುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಮುಂಬಯಿಯಲ್ಲಿ ನಲವತ್ತು ವರ್ಷ ಬಾಳಿದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಅಡ್ಡಾಡುವಾಗ ನನ್ನ ಮನಸ್ಸಿನಲ್ಲಿ ಇನ್ನೊಂದು ಮನೆಯೂ ಇತ್ತು. ತೀರ್ಥಹಳ್ಳಿ ಕಡೆಯ ನಮ್ಮ ಹಿರಿಯರ ಮನೆ ಹತ್ತು ವರ್ಷಗಳಿಂದ ಬೀಗ ಹಾಕಿಕೊಂಡಿದೆ. ಅದನ್ನು ಇಳಿಸಿ ಅಡಿಕೆ ಸಸಿ ಹಾಕುತ್ತೇನೆ, ಎಲ್ಲರೂ ಒಪ್ಪಿಗೆ ಕೊಡಿ ಎಂದು ಚಿಕ್ಕಪ್ಪನ ಮಗ ಕೇಳಿದ್ದ. ಅಲ್ಲಿ ಉಣ್ಣೆ, ಇಲ್ಲಿ ಅಡಿಕೆ. ಆದರೆ ನಮ್ಮನ್ನು ಯಾವ ಜಮೀನುದಾರನೂ ಅಟ್ಟಲಿಲ್ಲ. ಒಬ್ಬ ಓದಿಗೆ, ಒಬ್ಬ ನೌಕರಿಗೆ, ಒಬ್ಬಳು ಮದುವೆಯಾಗಿ, ಹೀಗೆ ನಾವಾಗಿಯೇ ಹೊರಟೆವು. ಮೂವತ್ತು ಹದಿನಾರಾಗುವುದು, ಹದಿನಾರು ನಾಲ್ಕಾಗುವುದು ಹೇಗೆಂದು ನನಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಊರಿನಲ್ಲೇ ಉಳಿದು ತೋಟ ನೋಡುತ್ತಿರುವವನು ಅವನು. ದೂರದಲ್ಲಿ ಕುಳಿತು ಬೇಡವೆನ್ನುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ. ಒಪ್ಪಿಗೆ ಕೊಟ್ಟೆ. ಆದರೆ ಒಂದು ಷರತ್ತು ಹಾಕಿದೆ: ಕೆಡವುವ ಮುಂಚೆ ಮನೆಯ ನಕ್ಷೆ ಬರೆಯಬೇಕು, ಯಾವ ಕೋಣೆ ಯಾರದು, ಒಲೆ ಎಲ್ಲಿತ್ತು, ಪಣತ ಎಲ್ಲಿತ್ತು, ಎಲ್ಲ ಗುರುತಿಸಬೇಕು. ಅಲ್ಲಿಯ ವಿದ್ವಾಂಸರು ನಲವತ್ತು ಬೇಸಿಗೆ ಮಣ್ಣು ಜರಡಿ ಹಿಡಿದು ಹುಡುಕಿದ್ದನ್ನು ನಾವು ಒಂದು ಭಾನುವಾರ ಕುಳಿತು ಬರೆದಿಡಬಹುದು, ಹೇಳಬಲ್ಲ ಹಿರಿಯರು ಇರುವಾಗಲೇ. ಓದುಗರೂ ತಮ್ಮ ತಮ್ಮ ಮನೆಯ ನಕ್ಷೆ ಬರೆದಿಡಲಿ ಎಂದು ಕೇಳಿಕೊಳ್ಳುತ್ತೇನೆ.

ಕಳೆದ ತಿಂಗಳು ನಕ್ಷೆ ಬಂತು. ಬಾವಿಯ ಕಡೆಯ ಕೋಣೆಗೆ ಅವನು "ಅತ್ತೆಯ ಕೋಣೆ" ಎಂದು ಬರೆದಿದ್ದಾನೆ. ನಮಗೆ ಅತ್ತೆಯಂದಿರು ಮೂವರು. ಅದು ಯಾವ ಅತ್ತೆಯದೆಂದು ನಾವಿಬ್ಬರೂ ಇನ್ನೂ ಫೋನಿನಲ್ಲಿ ವಾದಿಸುತ್ತಿದ್ದೇವೆ.