ಕಿಟೆಲ್ ಸಾಹೇಬರ ಹೊಳಿ ದಂಡಿ

ಕಮಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೇ ಕೊರೆದ ಒಂದು ಕಪಾಟಿದೆ. ಅದರಲ್ಲಿ ನಾಲ್ಕು ದಪ್ಪ ಪುಸ್ತಕಗಳು. ನಾನು ಸಣ್ಣವನಿದ್ದಾಗ ಅವುಗಳ ಹತ್ತಿರ ಹೋದರೆ ಸಾಕು, ಮುತ್ಯಾ ಗದರಿಸುತ್ತಿದ್ದ. "ಏ ತಮ್ಮಾ, ಕೈ ತೊಳ್ಕೊಂಡು ಬಾ, ಆಮ್ಯಾಲ ಮುಟ್ಟು." ದೇವರ ಜಗುಲಿಗೂ ಇಷ್ಟು ಮಡಿ ಇರಲಿಲ್ಲ ನಮ್ಮ ಮನೆಯಲ್ಲಿ!

ಅದು ಕಿಟೆಲ್ ನಿಘಂಟು. ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕನ್ನಡ-ಇಂಗ್ಲಿಷ್ ನಿಘಂಟನ್ನು ಮುಂದೆ ಮರಿಯಪ್ಪ ಭಟ್ಟರು ಪರಿಷ್ಕರಿಸಿದರು. ಮದರಾಸು ವಿಶ್ವವಿದ್ಯಾಲಯ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಆಗ ಕನ್ನಡ ಮಾಸ್ತರನಾಗಿದ್ದ ಮುತ್ಯಾ ಪಗಾರದಲ್ಲಿ ಉಳಿಸಿ ಉಳಿಸಿ ಆ ನಾಲ್ಕನ್ನೂ ತರಿಸಿದ್ದ. "ಅದೇ ರೊಕ್ಕದಾಗ ಒಂದು ಎಮ್ಮಿ ಬರ್ತಿತ್ತು" ಅಂತ ಆಯಿ ಸಾಯುವ ತನಕ ಆಡಿಕೊಂಡಳು.

ಮುತ್ಯಾನಿಗೆ ಆ ಪುಸ್ತಕದ ಮೇಲೆ ಯಾಕಷ್ಟು ಜೀವ ಅನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ. ಅವನು ಹುಟ್ಟಿದ್ದು 1936ರಲ್ಲಿ. ಆಗ ನಮ್ಮದು ನಿಜಾಮರ ಹೈದರಾಬಾದ್ ಸಂಸ್ಥಾನ. ಅವನು ಕಲಿತ ಶಾಲೆಯಲ್ಲಿ ಉರ್ದು, ಕಚೇರಿ ಕಾಗದದಲ್ಲೂ ಉರ್ದು, ಮನೆಯಲ್ಲಿ ಮಾತ್ರ ಕನ್ನಡ. ಕನ್ನಡದ ಬಲು ಹಳೆಯ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದು ಇದೇ ಜಿಲ್ಲೆಯ ಮಳಖೇಡದಲ್ಲಿ ರಾಜ್ಯವಾಳಿದ ರಾಷ್ಟ್ರಕೂಟರ ಆಸ್ಥಾನದಲ್ಲಿ. ಆದರೆ ನಮ್ಮೂರ ಹುಡುಗನಿಗೆ ಕನ್ನಡ ಅಕ್ಷರ ನೆಟ್ಟಗೆ ತಿದ್ದುವ ಯೋಗ ಬಂದದ್ದು 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ. ಆಗ ಅವನಿಗೆ ಹನ್ನೆರಡು ವರ್ಷ. ಉರ್ದುವಿನ ಮೇಲೆ ಅವನಿಗೇನೂ ಸಿಟ್ಟಿಲ್ಲ. ಮಗ್ಗಿಯನ್ನು ಉರ್ದುವಿನಲ್ಲೇ ಹೇಳುತ್ತಿದ್ದ, ಶಾಯರಿ ಕೇಳಿದರೆ ತಲೆದೂಗುತ್ತಿದ್ದ. "ಆದ್ರ ನನ್ನ ಭಾಷಾ ನನಗ ತಡಾ ಸಿಕ್ತು ತಮ್ಮಾ. ಎಲ್ಲಿಂದಲೋ ಬಂದ ಆ ಸಾಹೇಬ ಕೂಡಿಸಿ ಇಟ್ಟಿದ್ದ, ಅದಕ್ಕ ಸಿಕ್ತು" ಅನ್ನುತ್ತಿದ್ದ.

ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದ ನನಗೆ ಕಂಪನಿ ಒಂದು ವರ್ಷದ ಪ್ರಾಜೆಕ್ಟ್ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕಳಿಸಿತು. ಹೊರಡುವಾಗ ಅವ್ವ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ಮುತ್ಯಾ ಕೇಳಿದ್ದು ಒಂದೇ: "ಕಿಟೆಲ್ ಸಾಹೇಬ ಕಡೀಕ ಇದ್ದದ್ದು ಟ್ಯೂಬಿಂಗನ್ ಅನ್ನೋ ಊರಾಗ. ನೀ ಇರೋ ಕಡಿಂದ ದೂರ ಇಲ್ಲಂತ. ಅಲ್ಲಿ ಒಂದು ಹೊಳಿ ಅದ. ಅದರ ದಂಡಿಗೆ ನಿಂತು ನನ್ನ ಹೆಸರ್ಲೆ ಕೈ ಮುಗದು ಬಾ."

ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗನ್‌ಗೆ ರೈಲಿನಲ್ಲಿ ಸುಮಾರು ಒಂದು ತಾಸು. ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಹೋದಷ್ಟೇ ಅನ್ನಿ. ಆದರೆ ನಾನು ಹೋಗಲಿಲ್ಲ. ಒಂದು ರಜೆಗೆ ಪ್ಯಾರಿಸ್, ಇನ್ನೊಂದಕ್ಕೆ ಸ್ವಿಟ್ಜರ್ಲೆಂಡ್, ಮತ್ತೊಂದಕ್ಕೆ ಆಮ್‌ಸ್ಟರ್‌ಡ್ಯಾಮ್. ಭಾನುವಾರ ಫೋನ್ ಮಾಡಿದಾಗೆಲ್ಲ ಮುತ್ಯಾ "ಹೋಗಿ ಬಂದ್ಯಾ?" ಅನ್ನುತ್ತಿದ್ದ. "ಮುಂದಿನ ವಾರ, ಮುತ್ಯಾ" ಅನ್ನುತ್ತಿದ್ದೆ ನಾನು. ಹೀಗೆ ಏಳು ತಿಂಗಳು ಕಳೆದವು.

ಒಂದು ದಿನ ಬೆಳಗಿನ ಜಾವ ಅಪ್ಪನ ಫೋನ್ ಬಂತು. ಮುತ್ಯಾನಿಗೆ ಲಕ್ವಾ ಹೊಡೆದಿತ್ತು. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ್ದರು. ಜೀವಕ್ಕೆ ಅಪಾಯವಿಲ್ಲ, ಆದರೆ ಬಲಗೈ ಬಿದ್ದಿತ್ತು, ಮಾತು ಹೋಗಿತ್ತು. ಹೇಳಿದ್ದು ತಿಳಿಯುತ್ತದೆ, ಹೇಳಬೇಕೆಂದರೆ ಶಬ್ದ ಸಿಗುವುದಿಲ್ಲ ಅಂದರಂತೆ ಡಾಕ್ಟರು. ನಿಘಂಟು ಓದಿಕೊಂಡೇ ಬದುಕಿದ ಮನುಷ್ಯನಿಗೆ ಶಬ್ದವೇ ಸಿಗದಂತಾಗಿತ್ತು. "ನೀ ಈಗ ಓಡಿ ಬಂದು ಏನ್ ಮಾಡ್ತಿ? ನಾವು ಅದೀವಿ" ಅಂದ ಅಪ್ಪ. ಆ ಶನಿವಾರ ಮೊದಲ ರೈಲು ಹಿಡಿದು ಟ್ಯೂಬಿಂಗನ್‌ಗೆ ಹೋದೆ.

ಸ್ಟೇಷನ್ನಿನಿಂದ ಐದಾರು ನಿಮಿಷ ನಡೆದರೆ ನೆಕ್ಕರ್ ನದಿಯ ಸೇತುವೆ. ದಂಡೆಯುದ್ದಕ್ಕೂ ಹಳದಿ, ಕೆಂಪು, ತಿಳಿಹಸಿರು ಬಣ್ಣದ ಹಳೆಯ ಮನೆಗಳು ಹೆಗಲಿಗೆ ಹೆಗಲು ಹಚ್ಚಿ ನಿಂತಿವೆ. ನಡುವೆ ಒಂದು ಹಳದಿ ಗೋಪುರ. ಕವಿ ಹೋಲ್ಡರ್ಲಿನ್ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಮೇಲೆ 1807ರಿಂದ 1843ರಲ್ಲಿ ತೀರಿಕೊಳ್ಳುವವರೆಗೆ, ಬರೋಬ್ಬರಿ 36 ವರ್ಷ, ಅಲ್ಲೇ ಒಬ್ಬ ಬಡಗಿಯ ಕುಟುಂಬದ ಆರೈಕೆಯಲ್ಲಿದ್ದ. ಅದನ್ನು ಓದಿದಾಗ ನನಗೆ ಮುತ್ಯಾನ ಆಸ್ಪತ್ರೆ ಮಂಚವೇ ಕಣ್ಮುಂದೆ ಬಂತು. ಕೆಳಗೆ ಹುಡುಗರು ಚಪ್ಪಟೆ ದೋಣಿಯ ತುದಿಯಲ್ಲಿ ನಿಂತು ಉದ್ದನೆಯ ಕೋಲು ಊರಿ ಜನರನ್ನು ಕರೆದೊಯ್ಯುತ್ತಿದ್ದರು.

ಊರು ದೊಡ್ಡದಲ್ಲ, ಜನ ಸುಮಾರು 90,000. ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರು ವಿದ್ಯಾರ್ಥಿ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯವೇ ಊರಿನ ಉಸಿರು. ಎರಡನೇ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ಬಾಂಬಿಗೆ ನುಚ್ಚುನೂರಾಯಿತು, ಈ ಊರು ಹೆಚ್ಚುಕಡಿಮೆ ಇಡಿಯಾಗಿ ಉಳಿಯಿತು. ಹಾಗಾಗಿ ಕಲ್ಲುಹಾಸಿನ ಸಂದಿಗಳಲ್ಲಿ ನಡೆದರೆ ಹಳೆಯ ಕಾಲ ಹಾಗೇ ಸಿಗುತ್ತದೆ. ಮಾರ್ಕೆಟ್ ಚೌಕದಲ್ಲಿ 1435ರ ನಗರಸಭೆ ಕಟ್ಟಡವಿದೆ. ಅದರ ಹಣೆಯ ಮೇಲೆ 1511ರಲ್ಲಿ ಕೂರಿಸಿದ, ಗ್ರಹಗತಿ ತೋರಿಸುವ ಗಡಿಯಾರ. ಗುಡ್ಡದ ಮೇಲಿನ ಕೋಟೆಯಲ್ಲಿ, ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದ ಕಡೆ, 1869ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ಯುವಕ ಈಗ ನಾವು ಡಿಎನ್‌ಎ ಅನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ. ದೊಡ್ಡ ಚರ್ಚಿನ ಎದುರಿನ ಹಳೆಯ ಪುಸ್ತಕದಂಗಡಿಯಲ್ಲಿ 1895ರಿಂದ 1899ರವರೆಗೆ ಹೆರ್ಮನ್ ಹೆಸ್ಸೆ ಕೆಲಸ ಮಾಡಿದ್ದ. 'ಸಿದ್ಧಾರ್ಥ' ಬರೆದ ಅದೇ ಹೆಸ್ಸೆ. ಅವನ ತಾಯಿ ಹುಟ್ಟಿದ್ದು ನಮ್ಮ ಪಕ್ಕದ ಕೇರಳದ ತಲಶ್ಶೇರಿಯಲ್ಲಿ.

ಕಿಟೆಲ್ ಸಾಹೇಬರು ಈ ಊರಿನವರಲ್ಲ. ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಸಮುದ್ರದ ಕಡೆಯ ಸಣ್ಣ ಹಳ್ಳಿಯಲ್ಲಿ. 1853ರಲ್ಲಿ ಬಾಸೆಲ್ ಮಿಶನ್ ಪಾದ್ರಿಯಾಗಿ ಕನ್ನಡನಾಡಿಗೆ ಬಂದವರು ಧರ್ಮಪ್ರಚಾರಕ್ಕಿಂತ ಭಾಷೆಗೇ ಹೆಚ್ಚು ಅಂಟಿಕೊಂಡರು. ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. ಸುಮಾರು 70,000 ಶಬ್ದಗಳನ್ನು, ಜನರ ಬಾಯಲ್ಲಿನ ಗಾದೆಗಳ ಸಮೇತ, ಒಂದು ಕಡೆ ಕೂಡಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ಈ ಊರಿನಲ್ಲೇ ತೀರಿಕೊಂಡರು. ಈ ದಂಡೆಯ ಊರಿನಲ್ಲಿ ಕೂತು ಮುದುಕನಾದ ಮೇಲೂ ಕನ್ನಡದ ಪ್ರತ್ಯಯಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದರಲ್ಲ! ನಾನೋ, ಅದೇ ನಿಘಂಟಿರುವ ಮನೆಯಲ್ಲಿ ಹುಟ್ಟಿ, ಇಂಜಿನಿಯರಿಂಗ್ ಸೇರಿದ ಮೇಲೆ ಒಂದು ಕನ್ನಡ ಪುಸ್ತಕವನ್ನೂ ಪೂರ್ತಿ ಓದಿರಲಿಲ್ಲ.

ಸೇತುವೆಯ ಕೆಳಗಿಳಿದು ನೀರಿನ ಹತ್ತಿರ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಮೊಬೈಲನ್ನು ಮುತ್ಯಾನ ಮುಖದ ಮುಂದೆ ಹಿಡಿದ. "ಮುತ್ಯಾ, ಬಂದೀನಿ ನೋಡು. ಇದೇ ಆ ಹೊಳಿ" ಅಂದೆ. ಮುತ್ಯಾ ದಿಟ್ಟಿಸಿ ನೋಡಿದ. ತುಟಿ ಅಲುಗಾಡಿದವು, ಶಬ್ದ ಹೊರಡಲಿಲ್ಲ. ಆಮೇಲೆ ಮೆಲ್ಲಗೆ ಎಡಗೈಯೊಂದನ್ನೇ ಎದೆಯ ತನಕ ಎತ್ತಿ ಹಿಡಿದ. ಇನ್ನೊಂದು ಕೈ ಏಳಲಿಲ್ಲ. ನಾನು ಎರಡೂ ಕೈ ಮುಗಿದೆ. ಪಕ್ಕದಲ್ಲಿದ್ದವರು ನೋಡುತ್ತಿದ್ದರು, ನೋಡಲಿ ಅಂದುಕೊಂಡೆ.

ಪ್ರಾಜೆಕ್ಟ್ ಇನ್ನೂ ಒಂದು ವರ್ಷ ಮುಂದುವರಿಯುತ್ತದೆ, ಇರ್ತೀಯಾ ಅಂತ ಮ್ಯಾನೇಜರ್ ಕೇಳಿದರು. ಬೇಡವೆಂದು ಬಂದುಬಿಟ್ಟೆ. ಈಗ ಕಮಲಾಪುರದಿಂದಲೇ ಕೆಲಸ. ವಾರಕ್ಕೊಮ್ಮೆ ಮುತ್ಯಾನನ್ನು ಕಾರಿನಲ್ಲಿ ಕಲಬುರಗಿಗೆ ಚಿಕಿತ್ಸೆಗೆ ಕರೆದೊಯ್ಯುತ್ತೇನೆ. ಒಳಗೆ ಅವನ ಜೊತೆ ಅಪ್ಪ ಕೂರುತ್ತಾನೆ. ಆ ಒಂದೂವರೆ ತಾಸು ನಾನು ಊರು ಸುತ್ತುತ್ತೇನೆ. ನಾಲ್ಕು ವರ್ಷ ಓದಿದ ಊರಿನಲ್ಲಿ ಕೋಟೆಯೊಳಗೆ ನಾನು ಕಾಲಿಟ್ಟದ್ದು ಈಗ! 1347ರಲ್ಲಿ ಬಹಮನಿ ರಾಜ್ಯ ಕಟ್ಟಿಕೊಂಡಾಗ ಇದೇ ರಾಜಧಾನಿ. ಒಳಗಿನ ಜಾಮಿಯಾ ಮಸೀದಿ 1367ರದ್ದು. ಬೇರೆ ಮಸೀದಿಗಳಂತೆ ನಡುವೆ ತೆರೆದ ಅಂಗಳವಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮಾಡು, ಸಾಲುಸಾಲು ಕಮಾನು, ಒಳಗೆ ತಂಪು. ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಅಲ್ಲಿ ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ. ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕಿಂತ ಐದು ವರ್ಷ ಮೊದಲು. ಈಗ ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ ಹೋಗುವ ದಾರಿ ನಮ್ಮ ಕಮಲಾಪುರದ ಮೇಲೇ ಹಾಯುತ್ತದೆ. ಇದನ್ನೆಲ್ಲ ನನಗೆ ಹೇಳಬೇಕಾಗಿದ್ದವನು ಮುತ್ಯಾ. ಹೇಳುವ ಶಕ್ತಿ ಇದ್ದಾಗ ನಾನು ಕೇಳಲಿಲ್ಲ.

ವಾಪಸ್ ಬರುವಾಗ ಕುರಿಕೋಟಾ ಹತ್ತಿರ ಬೆಣ್ಣೆತೊರಾ ಹೊಳೆಯ ಸೇತುವೆ ಸಿಗುತ್ತದೆ. ಅಲ್ಲಿ ಕಾರು ನಿಧಾನ ಮಾಡುತ್ತೇನೆ. ಮುತ್ಯಾ ಕಿಟಕಿಯಿಂದ ನೀರು ನೋಡುತ್ತಾನೆ.

ದಿನಾ ಶಬ್ದಗಳನ್ನು ಜೋರಾಗಿ ಓದಿ ಹೇಳಿ, ಹೇಳಿಸಿ ಅಂದಿದ್ದಾರೆ ಡಾಕ್ಟರು. ಹಾಗಾಗಿ ರಾತ್ರಿ ಊಟವಾದ ಮೇಲೆ ಕೈ ತೊಳೆದುಕೊಂಡು ಕಪಾಟಿನಿಂದ ಒಂದು ಸಂಪುಟ ತೆಗೆಯುತ್ತೇನೆ. ಅ ಅಕ್ಷರದಿಂದ ಶುರು ಮಾಡಿದ್ದೇವೆ. ಅಪ್ಪ, ಅವ್ವ, ಅನ್ನ ಅನ್ನುತ್ತಾನೆ. ಕೆಲವು ದಿನ ಒಂದೂ ಬರುವುದಿಲ್ಲ, ಸಿಟ್ಟಿನಿಂದ ಮುಖ ತಿರುಗಿಸುತ್ತಾನೆ. ಹೋದ ವಾರ ನಾನು 'ಅಳಲು' ಅನ್ನುವುದನ್ನು ಅವಸರದಲ್ಲಿ 'ಅಲಲು' ಅಂತ ಓದಿಬಿಟ್ಟೆ. ಮುತ್ಯಾ ಎಡಗೈಯಿಂದ ನನ್ನ ಮೊಣಕಾಲಿಗೆ ಪಟ್ಟನೆ ಹೊಡೆದ. ಎಷ್ಟೋ ಹೊತ್ತು ಬಾಯಿ ಆಡಿಸಿ, ಕೊನೆಗೆ "ಳ" ಅಂದ.

ನಾನು ತಿದ್ದಿಕೊಂಡು ಮತ್ತೆ ಓದಿದೆ.