ಮಳೆತೋಟದ ಗುಂಡಿ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುತ್ತ ಪ್ರಮಾದಚರ್ಯೆಯ ಮಾತೆತ್ತುತ್ತಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು ಮುಂತಾದುವೆಲ್ಲ ಅದರಲ್ಲಿ ಸೇರುತ್ತವೆ. ಸ್ವಾಧ್ಯಾಯದಲ್ಲಿ ಈ ಭಾಗವನ್ನು ಎಷ್ಟೋ ಸಲ ಓದಿದ್ದೇನೆ. ಆದರೆ ನೆಲವನ್ನು ಅಗೆಯದಿದ್ದರೆ ನೀರು ವ್ಯರ್ಥವಾಗುತ್ತದೆ, ನೀರನ್ನು ಉಳಿಸಬೇಕೆಂದರೆ ನೆಲವನ್ನು ಅಗೆಯಲೇಬೇಕು ಎಂಬ ಸಂದರ್ಭ ಬಂದರೆ ಶ್ರಾವಕನು ಏನು ಮಾಡಬೇಕೆಂಬ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅದು ಎದುರಾದದ್ದು 2022ರ ಬೇಸಿಗೆಯಲ್ಲಿ, ಅಮೆರಿಕದ ಅರಿಝೋನ ರಾಜ್ಯದ ಟೂಸಾನ್ ನಗರದಲ್ಲಿ, ಮಗಳ ಮನೆಯ ಅಂಗಳದಲ್ಲಿ ನಾನು ಗುದ್ದಲಿ ಹಿಡಿದು ನಿಂತಿದ್ದಾಗ.

ಟೂಸಾನ್ ಮರುಭೂಮಿಯ ನಗರ. ವರ್ಷಕ್ಕೆ ಬೀಳುವ ಮಳೆ ಸುಮಾರು 280 ಮಿಲಿಮೀಟರು. ಅದರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜುಲೈಯಿಂದ ಸೆಪ್ಟೆಂಬರಿನವರೆಗೆ, ಗುಡುಗು ಸಿಡಿಲುಗಳೊಡನೆ, ಕೆಲವೇ ಸಂಜೆಗಳಲ್ಲಿ ಸುರಿದುಹೋಗುತ್ತದೆ. ನಮ್ಮ ಚಾತುರ್ಮಾಸದ ಕಾಲವೇ ಅವರ ಮಳೆಗಾಲವೂ ಹೌದು; ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಅನೇಕ ಬಡಾವಣೆಗಳಲ್ಲಿ ಮಳೆನೀರಿಗೆಂದು ಬೇರೆ ಚರಂಡಿಯಿಲ್ಲ, ರಸ್ತೆಯೇ ಚರಂಡಿ. ಅರ್ಧ ಗಂಟೆಯ ಮಳೆಗೆ ರಸ್ತೆ ಹೊಳೆಯಾಗುತ್ತದೆ. ಮರುದಿನ ಮತ್ತೆ ಧೂಳು. ನಗರದ ಪಕ್ಕದ ಸಾಂತಾಕ್ರೂಜ್ ನದಿ ಒಂದು ಕಾಲಕ್ಕೆ ಅಲ್ಲಿ ವರ್ಷವಿಡೀ ಹರಿಯುತ್ತಿತ್ತಂತೆ. ಅಂತರ್ಜಲವನ್ನು ಎತ್ತುತ್ತ ಹೋದಂತೆ ಇಪ್ಪತ್ತನೆಯ ಶತಮಾನದಲ್ಲಿ ಅದು ಬರಿಯ ಮರಳಿನ ಪಾತ್ರವಾಯಿತು. 2019ರಿಂದ ಶುದ್ಧೀಕರಿಸಿದ ಕೊಳಚೆನೀರನ್ನು ಬಿಟ್ಟು ಅದರ ಒಂದು ಭಾಗದಲ್ಲಿ ಹರಿವನ್ನು ಮರಳಿ ತಂದಿದ್ದಾರೆ. ಮನೆಯ ನಲ್ಲಿಗೆ ಬರುವ ನೀರಿನ ಮೂಲ ಬಹುಪಾಲು ಕೊಲರಾಡೊ ನದಿ. ಸುಮಾರು 540 ಕಿಲೋಮೀಟರು ಉದ್ದದ ಕಾಲುವೆಯಲ್ಲಿ, 800 ಮೀಟರಿಗೂ ಹೆಚ್ಚು ಎತ್ತರಕ್ಕೆ ಪಂಪುಗಳಿಂದ ಎತ್ತಿ ಅದನ್ನು ತರುತ್ತಾರೆ. ಆ ನದಿಗೂ ನೀರಿನ ಅಭಾವವಿದೆಯೆಂದು ಅಲ್ಲಿನ ಕೇಂದ್ರ ಸರ್ಕಾರ 2021ರ ಆಗಸ್ಟಿನಲ್ಲಿ ಮೊತ್ತಮೊದಲ ಬಾರಿಗೆ ಘೋಷಿಸಿತು. ಆಕಾಶದಿಂದ ಅಂಗಳಕ್ಕೆ ಬಿದ್ದ ನೀರನ್ನು ಬೀದಿಗೆ ನೂಕಿ, ಅದೇ ಅಂಗಳದ ಗಿಡಕ್ಕೆ 540 ಕಿಲೋಮೀಟರು ದೂರದ ನೀರನ್ನು ಹಾಯಿಸುವುದು ಎಂತಹ ವ್ಯವಹಾರ!

ಇದನ್ನು ಮೊದಲು ಪ್ರಶ್ನಿಸಿದವರಲ್ಲಿ ಆ ನಗರದವರೇ ಆದ ಬ್ರ್ಯಾಡ್ ಲಂಕಾಸ್ಟರ್ ಒಬ್ಬರು. ಅವರು 1995ರಲ್ಲಿ ಜಿಂಬಾಬ್ವೆಯ ರೈತ ಜೆಫನಾಯ ಫಿರಿ ಅವರ ಹೊಲಕ್ಕೆ ಹೋಗಿ, ಒಣಗುಡ್ಡದ ಮೇಲೆ ಬೀಳುವ ಮಳೆಯನ್ನು ಅವರು ನೆಲಕ್ಕೆ ಇಂಗಿಸುತ್ತಿದ್ದ ರೀತಿಯನ್ನು ಕಂಡು ಬಂದರು. ಮುಂದೆ ತಮ್ಮ ಮನೆಯೆದುರು ರಸ್ತೆಯಂಚಿನ ಕಾಂಕ್ರೀಟು ಕಟ್ಟೆಯನ್ನು ಕತ್ತರಿಸಿ, ಬೀದಿಯ ಮಳೆನೀರು ಮರದ ಬುಡದ ತಗ್ಗಿಗೆ ಹರಿಯುವಂತೆ ಮಾಡಿದರು. ಹಾಗೆ ಕತ್ತರಿಸುವುದು ಆಗ ಕಾನೂನಿಗೆ ವಿರುದ್ಧವಾಗಿತ್ತು. 2007ರಲ್ಲಿ ನಗರಾಡಳಿತವೇ ಅದಕ್ಕೆ ಅನುಮತಿ ನೀಡಿತು. ಹೊಸ ವಾಣಿಜ್ಯ ಕಟ್ಟಡಗಳ ತೋಟಕ್ಕೆ ಬೇಕಾದ ನೀರಿನ ಅರ್ಧಭಾಗ ಮಳೆನೀರೇ ಆಗಿರಬೇಕೆಂಬ ನಿಯಮವೂ 2008ರಲ್ಲಿ ಅಂಗೀಕೃತವಾಗಿ 2010ರಿಂದ ಜಾರಿಗೆ ಬಂತು.

ಮಳೆತೋಟವೆಂದರೆ ತೆಂಗಿನ ಬುಡಕ್ಕೆ ನಾವು ಮಾಡುವ ಪಾತಿಯನ್ನೇ ಹಿಗ್ಗಿಸಿದಂತೆ. ಸುತ್ತಲ ನೆಲಕ್ಕಿಂತ ಒಂದು ಗೇಣಿನಿಂದ ಒಂದೂವರೆ ಗೇಣು ತಗ್ಗಾಗಿ ಅಗೆದು, ತಳವನ್ನು ಸಮವಾಗಿಯೂ ಅಂಚುಗಳನ್ನು ಇಳಿಜಾರಾಗಿಯೂ ಬಿಡಬೇಕು. ನೀರು ಬಂದು ಬೀಳುವೆಡೆ ಮಣ್ಣು ಕೊಚ್ಚಿಹೋಗದಂತೆ ಕಲ್ಲು ಜೋಡಿಸಬೇಕು. ತುಂಬಿ ಹೆಚ್ಚಾದ ನೀರು ಹೊರಹೋಗಲು, ಒಳಬರುವ ದಾರಿಗಿಂತ ತುಸು ಕೆಳಗೆ ಕೋಡಿ ಇರಬೇಕು. ಮನೆಯ ತಳಪಾಯದಿಂದ ಮೂರು ಮೀಟರಾದರೂ ದೂರವಿರಬೇಕು. ನೀರಿನಲ್ಲಿ ಸ್ವಲ್ಪ ಹೊತ್ತು ನಿಂತರೂ ಬಾಳುವ ಹುಲ್ಲುಗಳು ತಳಕ್ಕೆ. ಬುಡ ನೆನೆದರೆ ಕೊಳೆಯುವ ಮರಗಳು ಅಂಚಿನ ಮೆಟ್ಟಿಲಿಗೆ. ಅಲ್ಲಿಯವರು ಮೆಸ್ಕೀಟ್ ಮರವನ್ನು ನೆಡುತ್ತಾರೆ. ನಮ್ಮ ಬಳ್ಳಾರಿ ಜಾಲಿಯ ದಾಯಾದಿ ಅದು, ಆದರೆ ಅಲ್ಲಿ ಅದು ಆ ನೆಲದ್ದೇ ಮರ. ಅದರ ಕಾಯಿಯನ್ನು ಹಿಟ್ಟು ಮಾಡಿ ತಿನ್ನುವುದೂ ಉಂಟು. ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಮಗಳ ಮನೆಯ ಸೂರು 150 ಚದರ ಮೀಟರು. 12 ಮಿಲಿಮೀಟರು ಮಳೆಗೆ 1,800 ಲೀಟರು. ಮೂರು ಮೀಟರು ಉದ್ದ, ಮೂರು ಮೀಟರು ಅಗಲ, 20 ಸೆಂಟಿಮೀಟರು ಆಳದ ತಗ್ಗು ಅಷ್ಟನ್ನು ಹಿಡಿಯುತ್ತದೆ. ಇಳಿಜಾರು ಅಂಚುಗಳಿಗಾಗಿ ತುಸು ಹೆಚ್ಚು ಅಗೆಯಬೇಕು. ನಿಂತ ನೀರು ಒಂದು ದಿನದೊಳಗೆ ಇಂಗಬೇಕೆಂಬುದು ಎಲ್ಲಕ್ಕಿಂತ ಮುಖ್ಯವಾದ ನಿಯಮ.

ಕೆಲಸ ಆರಂಭಿಸುವ ಮುನ್ನವೇ ನನ್ನ ಶ್ರೀಮತಿಯವರು ಆಕ್ಷೇಪವೆತ್ತಿದರು. "ರೀ, ಮಳೆಗಾಲ ಬಂದರೆ ನೆಲದಲ್ಲಿ ಜೀವರಾಶಿ ತುಂಬುತ್ತದೆಂದು ಮುನಿಗಳು ವಿಹಾರವನ್ನೇ ನಿಲ್ಲಿಸುತ್ತಾರೆ. ನೀವು ಮಳೆಯ ಬಾಗಿಲಲ್ಲಿ ನೆಲ ಅಗೆಯಲು ಹೊರಟಿದ್ದೀರಲ್ಲ?" ಇದು ಸತ್ತಂತಿರುವ ಒಣನೆಲ, ಇಲ್ಲೇನಿದೆ ಎಂದೆ. "ಏನಿಲ್ಲವೆಂದು ಯಾರು ನೋಡಿದ್ದಾರೆ?" ಎಂದರು. ಆರಂಭೀ ಹಿಂಸೆ ಗೃಹಸ್ಥನಿಗೆ ತಪ್ಪಿದ್ದಲ್ಲ, ಒಮ್ಮೆ ಅಗೆದರೆ ವರ್ಷಗಟ್ಟಲೆ ಪಂಪಿನ ನೀರು ಉಳಿಯುತ್ತದೆ ಎಂದು ನಾನು ಪಾಠ ಹೇಳಿದೆ. ಅವರು ಸುಮ್ಮನಾದರು, ಒಪ್ಪಿದರೆಂದು ನಾನು ತಿಳಿದುಕೊಂಡೆ.

"ಅಪ್ಪಾ, ಮೊದಲು ನೀರಿಳಿಯುವ ಪರೀಕ್ಷೆ ಮಾಡಿಬಿಡೋಣ" ಎಂದು ಮಗಳು ಎರಡು ಸಲ ಹೇಳಿದಳು. ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆಂದು ನೋಡುವುದಷ್ಟೇ ಆ ಪರೀಕ್ಷೆ. ಕಾಲುವೆ ಕೆಲಸದಲ್ಲಿ 31 ವರ್ಷ ಕಳೆದವನಿಗೆ ಮಣ್ಣನ್ನು ಮುಟ್ಟಿ ನೋಡಿದರೆ ಸಾಕೆಂಬ ಅಹಂಕಾರ ನನ್ನದು. ಜೂನಿನ ಬಿಸಿಲು ಬೇರೆ. ಪರೀಕ್ಷೆ ಮಾಡಲಿಲ್ಲ. ಕಲೀಚೆ ಎಂದು ಅಲ್ಲಿನವರು ಕರೆಯುವ ಸುಣ್ಣದ ಗಟ್ಟಿ ಪದರವೊಂದು ನಮ್ಮ ಗುಂಡಿಯ ತಳದಿಂದ ನಾಲ್ಕು ಬೆರಳು ಕೆಳಗೆ, ಗಾರೆ ಹಾಕಿದ ನೆಲದಂತೆ ಹಬ್ಬಿಕೊಂಡಿತ್ತು.

ಜುಲೈಯಲ್ಲಿ ಮೊದಲ ದೊಡ್ಡ ಮಳೆ ಬಂತು. ಗುಂಡಿ ತುಂಬಿ ಕೋಡಿ ಹರಿದಾಗ ಎಲ್ಲರೂ ಜಗಲಿಯಲ್ಲಿ ನಿಂತು ಸಂತೋಷಪಟ್ಟೆವು. ರಾತ್ರಿ ಮಲಗಿದ್ದಾಗ ಆಡಿನ ಮರಿಗಳು ಅರಚಿದಂತೆ ಸದ್ದು. ದೀಪ ಹಿಡಿದು ಹೋದರೆ ಗುಂಡಿಯ ತುಂಬ ಕಪ್ಪೆಗಳು! ಹಿಂಗಾಲಿನಲ್ಲಿ ಸಲಿಕೆಯಂತಹ ಗಟ್ಟಿ ಉಗುರಿರುವ ಈ ಕಪ್ಪೆಗಳು ವರ್ಷದ ಬಹುಭಾಗ ಒಣನೆಲದೊಳಗೆ ಹೂತು ಮಲಗಿದ್ದು, ಮಳೆ ಗುಡುಗುಗಳ ಅದುರಿಗೆ ಎಚ್ಚರಗೊಂಡು ಮೇಲೆ ಬರುತ್ತವೆ. ಸಿಕ್ಕ ಹೊಂಡದಲ್ಲಿ ಅದೇ ರಾತ್ರಿ ಮೊಟ್ಟೆಯಿಡುತ್ತವೆ. ಒಂದು ದಿನದೊಳಗೆ ಮೊಟ್ಟೆಯೊಡೆದು, ನೀರು ಆರುವ ಮುನ್ನ ಎಂಟೊಂಬತ್ತು ದಿನಗಳಲ್ಲಿಯೇ ಗೊದಮೊಟ್ಟೆ ಕಾಲು ಪಡೆದು ನೆಲಕ್ಕೇರಬಲ್ಲದು. ಶ್ರೀಮತಿಯವರು ನನ್ನ ಕಡೆ ನೋಡಿದರು, ಮಾತಾಡಲಿಲ್ಲ. ಬಾಯಲ್ಲಿ ಹೂವನ್ನು ಕಚ್ಚಿಕೊಂಡು ಭಗವಂತನ ಸಮವಸರಣಕ್ಕೆ ಹೊರಟು ಶ್ರೇಣಿಕನ ಆನೆಯ ಕಾಲಿಗೆ ಸಿಕ್ಕಿದ ಕಪ್ಪೆಯ ಕಥೆಯನ್ನು ಮೊಮ್ಮಗನಿಗೆ ಹೇಳಿದ್ದವರು ಅವರೇ.

ಒಂದು ದಿನದಲ್ಲಿ ಇಂಗಬೇಕಾದ ನೀರು ಮೂರನೆಯ ದಿನವೂ ಇತ್ತು. ಗೊದಮೊಟ್ಟೆಗಳು ನೂರಾರು, ಅವುಗಳ ನಡುವೆ ಸೊಳ್ಳೆಯ ಮರಿಹುಳುಗಳು ಕುಣಿಯುತ್ತಿದ್ದುವು. ಹಿಂದಿನ ವರ್ಷವೇ ಆ ರಾಜ್ಯದಲ್ಲಿ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ಜ್ವರ ನೂರಾರು ಜನರನ್ನು ಬಾಧಿಸಿತ್ತಾದ್ದರಿಂದ ಅಳಿಯಂದಿರು ನೀರನ್ನು ತೋಡಿ ಹೊರಹಾಕೋಣವೆಂದರು. ನಲ್ಲಿಯ ನೀರು ಬಿಟ್ಟು ಗುಂಡಿಯನ್ನು ತುಂಬಿಯೇ ಇಡೋಣವೆಂದು ಮೊಮ್ಮಗ. ಹಾಗೆ ಮಾಡಿದರೆ ಸೊಳ್ಳೆಗಳೂ ಬೆಳೆಯುತ್ತವೆ, ಯಾವ ನೀರನ್ನು ಉಳಿಸಲೆಂದು ಅಗೆದೆವೋ ಅದನ್ನೇ ಸುರಿದಂತಾಗುತ್ತದೆ. ತನ್ನಷ್ಟಕ್ಕೆ ಆರಲು ಬಿಟ್ಟರೆ ಪಂಚೇಂದ್ರಿಯ ಜೀವಿಗಳು ಬಿಸಿಲಿಗೆ ಬೆಂದು ಸಾಯುತ್ತವೆ. ಹಾರೆಯಿಂದ ತಳವನ್ನೊಡೆದರೂ ಅದೇ ಗತಿ. ಪಾಠ ಹೇಳಿದ್ದ ನನ್ನ ಬಳಿ ಉತ್ತರವಿರಲಿಲ್ಲ.

ನಾಲ್ಕನೆಯ ಬೆಳಗ್ಗೆ ನೀರು ಅಂಗೈಯಷ್ಟು ಆಳವಿತ್ತು. ಶ್ರೀಮತಿಯವರು ನೀರು ಸೋಸುವ ಬಟ್ಟೆಯನ್ನು ತಂದರು. ಊರಿನಲ್ಲಿ ಬಾವಿಯ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಯ ನೀರಿಗೆ ಇಳಿಬಿಡುವುದನ್ನು ನಮ್ಮ ತಾಯಂದಿರು ಎಂದೂ ತಪ್ಪಿಸುತ್ತಿರಲಿಲ್ಲ. ನಲ್ಲಿ ಬಂದ ಮೇಲೆ ನಮ್ಮ ಮನೆಯಲ್ಲಿ ಸೋಸುವುದು ಉಳಿಯಿತು, ಮರಳಿ ಬಿಡುವುದು ನಿಂತುಹೋಗಿತ್ತು. ಆ ಬಟ್ಟೆಯನ್ನು ನೀರಿನಡಿಗೆ ಹರಡಿ ಮೆಲ್ಲಗೆ ಎತ್ತಿ ಬಕೆಟ್ಟಿಗೆ ಬಿಡತೊಡಗಿದರು. ಮನೆಯ ಹಿಂದೆ ಮುನ್ನೂರು ಹೆಜ್ಜೆ ದೂರದ ಒಣಹಳ್ಳದಲ್ಲಿ, ಬಂಡೆಯ ನೆರಳಿನಲ್ಲಿ, ಮಳೆಯ ನೀರು ಇನ್ನೂ ಮೊಣಕಾಲಿನವರೆಗೆ ನಿಂತಿತ್ತು. ಹನ್ನೊಂದು ಸಲ ಬಕೆಟ್ಟನ್ನು ಹೊತ್ತೆವು. ಬಟ್ಟೆಯಲ್ಲಿ ಸೊಳ್ಳೆಯ ಮರಿಗಳೂ ಬಂದುವು. ಅವನ್ನು ಬೇರ್ಪಡಿಸಲು ಯಾರಿಗೂ ಮನಸ್ಸಾಗಲಿಲ್ಲ, ಹಳ್ಳದ ಬಳಿ ಮನೆಗಳಿರಲಿಲ್ಲ. ಬಿಸಿಲೇರುವಷ್ಟರಲ್ಲಿ ಕೆಸರಿಗೆ ಅಂಟಿಕೊಂಡವು ಬಹಳ ಉಳಿದುಬಿಟ್ಟವು. ಎಷ್ಟೆಂದು ಎಣಿಸಲಿಲ್ಲ. ಒಂಬತ್ತನೆಯ ದಿನ ಹಳ್ಳದಂಚಿನಲ್ಲಿ ಉಗುರಿನಷ್ಟು ದೊಡ್ಡ ಕಪ್ಪೆಮರಿಗಳು ಬಾಲದ ತುಂಡಿನೊಡನೆ ಕುಪ್ಪಳಿಸುತ್ತಿದ್ದುವು. ಅವು ನಾವು ತಂದವೇ ಎಂದು ಹೇಳಲಾರೆ.

ಆ ದಿನಗಳಲ್ಲಿ ಪ್ರತಿಕ್ರಮಣಕ್ಕೆ ಕುಳಿತಾಗಲೆಲ್ಲ ಒಂದೇ ವಿಚಾರ ಮರಳಿ ಬರುತ್ತಿತ್ತು. ನೆಲವನ್ನು ಅಗೆದುದಕ್ಕೆ ನನಗೆ ಪಶ್ಚಾತ್ತಾಪವಿರಲಿಲ್ಲ, ಇಂದಿಗೂ ಇಲ್ಲ, ಅದಕ್ಕೆ ಪ್ರಯೋಜನವಿತ್ತು. ಪ್ರಮಾದವಿದ್ದುದು ಪರೀಕ್ಷೆಗೆ ಬೇಕಾದ ಒಂದು ಬಕೆಟ್ಟು ನೀರು ಮತ್ತು ನಾಲ್ಕು ಗಂಟೆಯ ತಾಳ್ಮೆಯನ್ನು ಬೇಡವೆಂದದ್ದರಲ್ಲಿ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನೇ ಮುಂದಿಟ್ಟಿರುವುದರ ಅರ್ಥ ಎಪ್ಪತ್ತರ ಹತ್ತಿರದಲ್ಲಿ ನನಗೆ ತಿಳಿಯಿತು. ಈರ್ಯಾಸಮಿತಿಯವರು ನಡೆಯುವ ಮುನ್ನ ನಾಲ್ಕು ಮೊಳ ನೆಲ ನೋಡುತ್ತಾರೆ. ನಾನು ನಾಲ್ಕು ಬೆರಳು ಕೆಳಗೆ ನೋಡಿರಲಿಲ್ಲ.

ಬಸದಿಗಳ ಟ್ರಸ್ಟಿನವರಿಗೆ ಇಲ್ಲೊಂದು ಮಾತು ಸಲ್ಲುತ್ತದೆ. ಬೆಳ್ಗೊಳವೆಂಬ ಹೆಸರೇ ಬಿಳಿಯ ಕೊಳದಿಂದ ಬಂದುದು. ನೀರನ್ನು ನಿಲ್ಲಿಸುವುದು ನಮ್ಮ ಹಿರಿಯರಿಗೆ ಧರ್ಮಕಾರ್ಯವೇ ಆಗಿತ್ತು. ಈಗ ಅಂಗಳಕ್ಕೆ ಕಾಂಕ್ರೀಟು, ಗ್ರಾನೈಟು ಹಾಸಿ, ಬಿದ್ದ ಹನಿಯೆಲ್ಲ ಬೀದಿಗೆ ಹೋಗುವಂತೆ ಮಾಡುತ್ತೇವೆ. ಒಂದು ಮೂಲೆಯ ಹಾಸನ್ನು ತೆಗೆದು ತಗ್ಗು ಮಾಡುವವರಿದ್ದರೆ, ಬೇಸಿಗೆಯಲ್ಲೇ ನೀರಿಳಿಯುವುದನ್ನು ಪರೀಕ್ಷಿಸಲಿ, ಮಳೆಗೆ ತಿಂಗಳು ಮೊದಲೇ ಅಗೆತ ಮುಗಿಸಲಿ. ನಮ್ಮಲ್ಲಿ ಮಳೆ ಅಲ್ಲಿಗಿಂತ ಎಷ್ಟೋ ಪಾಲು ಹೆಚ್ಚಾದ್ದರಿಂದ ಕೋಡಿಯನ್ನು ಅಗಲವಾಗಿಯೇ ಬಿಡಬೇಕಾಗುತ್ತದೆ.

ಮುಂದಿನ ವರ್ಷ ನಾವು ಮತ್ತೆ ಹೋದಾಗ ಪರೀಕ್ಷೆ ಮಾಡಿ, ಕಲೀಚೆಯಿಲ್ಲದ ಕಡೆ ಹೊಸ ತಗ್ಗನ್ನು ಮಾಡಿದೆವು. ಸಂಜೆಯ ಮಳೆಯ ನೀರು ಬೆಳಗಾಗುವುದರೊಳಗೆ ಇಂಗುತ್ತದೆ. ಅಂಚಿನ ಮೆಸ್ಕೀಟ್ ಸಸಿಗೆ ನಲ್ಲಿಯ ನೀರು ಬೇಕಾಗಿಲ್ಲ. ಹಳೆಯ ಗುಂಡಿಯನ್ನು ಮುಚ್ಚಿಬಿಡಬೇಕೆಂದು ನಾನು ಸಲಿಕೆ ಎತ್ತಿದೆ. ಶ್ರೀಮತಿಯವರು ಒಪ್ಪಲಿಲ್ಲ. ಆ ರಾತ್ರಿ ಬಂದ ಕಪ್ಪೆಗಳಲ್ಲಿ ಯಾವುವಾದರೂ ಅಲ್ಲಿಯೇ ಮಣ್ಣೊಳಗೆ ಮಲಗಿದ್ದರೆ? ಹಾಗಾಗಿ ನೀರು ಬರುವ ದಾರಿಗೆ ಮಾತ್ರ ಒಂದು ಚಪ್ಪಡಿಯನ್ನು ಅಡ್ಡವಿಟ್ಟೆವು. ಮೊದಲ ಗುಡುಗಿನ ರಾತ್ರಿ ಮೊಮ್ಮಗ ಟಾರ್ಚು ಹಿಡಿದು ಎರಡೂ ಗುಂಡಿಗಳನ್ನು ನೋಡಿ ಬಂದು, "ತಾತ, ಯಾರೂ ಬಂದಿಲ್ಲ" ಎಂದ. ಹಳ್ಳದ ಕಡೆಯಿಂದ ಕೂಗು ಕೇಳಿಸುತ್ತಿತ್ತು.