ಓದಿ ಹೇಳುವುದು, ಕೇಳಿ ಬರೆಯುವುದು



‘ಓದು’ ಎಂಬ ಮಾತನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಪುಸ್ತಕ ಹಿಡಿದು ಕೂರುವುದೂ ಓದು, ಶಾಲೆಗೆ ಹೋಗಿ ವಿದ್ಯೆ ಕಲಿಯುವುದೂ ಓದು. ‘ನಿಮ್ಮ ಮಗ ಎಷ್ಟು ಓದಿದ್ದಾನೆ?’ ಎಂದು ಕೇಳಿದರೆ ಯಾರೂ ಪುಸ್ತಕಗಳ ಲೆಕ್ಕ ಕೊಡುವುದಿಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಮೇಷ್ಟರಾಗಿದ್ದ ನನಗೆ ಇವೆರಡಕ್ಕೂ ಮೊದಲಿನದಾದ ಇನ್ನೊಂದು ಓದು ಇದೆಯೆಂಬುದು ಮನದಟ್ಟಾದದ್ದು ನಿವೃತ್ತಿಯ ನಂತರ. ಅದು ಒಬ್ಬರಿಗಾಗಿ ಮತ್ತೊಬ್ಬರು ಗಟ್ಟಿಯಾಗಿ ಓದುವ ಓದು.

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ನಮ್ಮ ಶಿವಮೊಗ್ಗದ ಸೀಮೆಯಲ್ಲಿ ಕುಮಾರವ್ಯಾಸ ಭಾರತವನ್ನು ಕೇಳಲು ಅಕ್ಷರ ಬೇಕಾಗಿರಲಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಜಗಲಿಯ ಮೇಲೆ ಒಬ್ಬರು ರಾಗವಾಗಿ ಪದ್ಯ ವಾಚಿಸಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ತುಂಗೆಯ ದಡದ ಹೊಸಹಳ್ಳಿಯಲ್ಲಿ ಈ ಗಮಕ ಕಲೆ ಇಂದಿಗೂ ಉಳಿದಿದೆ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಬೆನ್ನಿಗೊಂದು ಬರುತ್ತವೆಂದು ಕರಿಹಲಗೆಯ ಮೇಲೆ ಪ್ರಸ್ತಾರ ಹಾಕಿ ನಿಮಗೆ ಕಲಿಸಿದ್ದೇನಷ್ಟೆ? ಅಜ್ಜಿಗೆ ಪ್ರಸ್ತಾರ ತಿಳಿಯದು. ಆದರೆ ವಾಚಿಸುವವರು ಒಂದು ಮಾತ್ರೆ ನುಂಗಿದರೂ ‘ಅಲ್ಲೆಲ್ಲೋ ಕಾಲು ಎಡವಿತು’ ಎನ್ನುತ್ತಿದ್ದಳು. ಬೀಸುವ ಕಲ್ಲಿನ ಮುಂದೆ ಕುಳಿತಾಗ ಅದೇ ನಡೆಯಲ್ಲಿ ತನ್ನದೇ ಹಾಡು ಕಟ್ಟುತ್ತಿದ್ದಳು. ಕಾಡಿಗೆ ಹೋಗಿ ಮರಳಿ ಬಾರದ ಕರುವಿನ ಮೇಲೆ ಅವಳು ಕಟ್ಟಿದ ಹಾಡೊಂದಿತ್ತು. ಅದನ್ನು ಯಾರೂ ಬರೆದಿಡಲಿಲ್ಲ. ಅವಳೊಂದಿಗೆ ಅದೂ ಹೋಯಿತು. ಓದು ಕಲಿಯದೆಯೂ ಕಾವ್ಯದಲ್ಲಿ ಪಳಗಿದ ಮನಸ್ಸುಳ್ಳವರು ಈ ನಾಡಿನ ಜನ ಎಂಬ ಅಭಿಪ್ರಾಯ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೇ ಇದೆ. ತರಗತಿಯಲ್ಲಿ ಆ ಭಾಗವನ್ನು ಪಾಠ ಮಾಡುವಾಗಲೆಲ್ಲ ನನ್ನ ಕಣ್ಣ ಮುಂದೆ ನಿಲ್ಲುತ್ತಿದ್ದವಳು ಅಜ್ಜಿಯೇ.

ಈಗ ನನ್ನ ಶ್ರೀಮತಿಯ ವಿಷಯಕ್ಕೆ ಬರುತ್ತೇನೆ. ನಾಲ್ಕು ವರ್ಷಗಳಿಂದ ಅವಳ ದೃಷ್ಟಿ ಕುಂದುತ್ತ ಬಂದಿದೆ. ಅಕ್ಷಿಪಟಲದ ನಡುಭಾಗ ವಯಸ್ಸಿನಿಂದ ಸವೆದಿದೆ, ಹೋದ ದೃಷ್ಟಿ ಮರಳಿ ಬರಲಾರದು ಎಂದು ವೈದ್ಯರು ತಿಳಿಸಿದರು. ಈ ಕಾಯಿಲೆಯ ರೀತಿ ವಿಚಿತ್ರವಾದುದು. ಅಂಚಿನಲ್ಲಿರುವುದು ಕಾಣುತ್ತದೆ, ನೇರವಾಗಿ ನೋಡಿದ್ದು ಮಾಯವಾಗುತ್ತದೆ. ಬಾಗಿಲ ಚೌಕಟ್ಟು, ತುಳಸಿಕಟ್ಟೆ ಕಾಣುತ್ತವೆ, ಎದುರಿಗಿರುವವರ ಮುಖ ಕಾಣುವುದಿಲ್ಲ. ಪುಟದ ಅಂಚು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ಕಾದಂಬರಿ ಹಿಡಿಯುವುದು ಅವಳ ನಲವತ್ತು ವರ್ಷಗಳ ರೂಢಿ. ಅದು ನಿಂತ ಮೇಲೆ ಮಾತೂ ಕಡಿಮೆಯಾಯಿತು. ಕಣ್ಣಿಗಿಂತ ಆ ಮೌನವೇ ನನ್ನನ್ನು ಹೆಚ್ಚು ಹೆದರಿಸಿತು.

ಆಗ ಕೈಗೆತ್ತಿಕೊಂಡದ್ದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿರುವುದು ನಮ್ಮ ಮಲೆನಾಡಿನ ಒಬ್ಬ ಬಾಲವಿಧವೆಯ ಬದುಕು. ಆ ಹಿರಿಯ ಜೀವ ತನ್ನ ಕಥೆಯನ್ನು ಇಂದಿರಾ ಅವರ ತಾಯಿಗೆ ಹೇಳಿತ್ತು, ತಾಯಿ ಮಗಳಿಗೆ ಹೇಳಿದರು, ಮಗಳು ಬರೆದರು. ಬಾಯಿಂದ ಕಿವಿಗೆ ಬಂದು ಪುಸ್ತಕವಾದ ಕಥೆ ನಮ್ಮ ಮನೆಯಲ್ಲಿ ಮತ್ತೆ ಬಾಯಿಗೆ ಬಂದು ಕಿವಿಗೆ ತಲುಪಿತು. ದಿನಕ್ಕೆ ಹತ್ತು ಪುಟ. ಗಟ್ಟಿಯಾಗಿ ಓದುವವನು ಸಾಲು ಹಾರಿಸುವಂತಿಲ್ಲ, ಅವಸರಪಡುವಂತಿಲ್ಲ. ಹಿಂದೆ ಎರಡು ಸಲ ಓದಿದ್ದ ಪುಸ್ತಕದಲ್ಲಿ ಈ ಸಲ ನನಗೆ ಹೊಸ ಹೊಸ ಸಂಗತಿಗಳು ಕಂಡವು.

ಪುಸ್ತಕ ಮುಗಿದ ದಿನ ಅವಳು ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮ ಅಮ್ಮನ ಕಥೆಯೂ ಒಂದಿದೆ. ನೀವು ಬರೆದುಕೊಳ್ಳುತ್ತೀರಾ?’ ಎಂದಳು.

ಅವಳ ಶಾಲೆ ಏಳನೆಯ ತರಗತಿಗೇ ನಿಂತಿತ್ತು. ತವರಿಗೂ ಶಾಲೆಗೂ ನಡುವೆ ಒಂದು ಹಳ್ಳ, ಅದರ ಮೇಲೊಂದು ಮರದ ಸಂಕ. ಪ್ರತಿ ಮಳೆಗಾಲವೂ ಅದು ಕೊಚ್ಚಿಹೋಗುತ್ತಿತ್ತು. ಅವಳ ತಾಯಿ ಸೀರೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಮಗಳನ್ನು ಬೆನ್ನ ಮೇಲೆ ಹೊತ್ತು, ನೀರಿನಲ್ಲಿಯೇ ದಾಟಿಸುತ್ತಿದ್ದರಂತೆ. ‘ನೀವು ಓದಿದವರು, ನನಗೇನು ಬರುತ್ತದೆ’ ಎಂದು ಜೀವನವಿಡೀ ಹೇಳುತ್ತ ಬಂದವಳು ಈಗ ಒಂದೊಂದೇ ವಾಕ್ಯವನ್ನು ತೂಗಿ ಹೇಳುತ್ತಾಳೆ. ‘ಇದನ್ನು ಸ್ವಲ್ಪ ತಿದ್ದಲೇ?’ ಎಂದು ಒಮ್ಮೆ ಕೇಳಿದೆ. ‘ಬೇಡಿ, ತಿದ್ದಿದರೆ ಅದು ಮೇಷ್ಟ್ರ ಮಾತಾಗುತ್ತದೆ’ ಎಂದಳು. ಅಂದಿನಿಂದ ನಾನು ಬರಿಯ ಲಿಪಿಕಾರ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಂಬತ್ತು ಪುಟಗಳು ತುಂಬಿವೆ.

ಭಾನುವಾರ ಬೆಳಿಗ್ಗೆ ಸಿಡ್ನಿಯಲ್ಲಿರುವ ಮೊಮ್ಮಗಳಿಗೆ ಫೋನಿನಲ್ಲಿ ಅದನ್ನು ಓದಿ ಹೇಳುತ್ತೇನೆ. ಅಲ್ಲಿ ಆಗಲೇ ಮಧ್ಯಾಹ್ನ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಅಕ್ಷರ ಬಾರದು. ಆ ಮಟ್ಟಿಗೆ ಅವಳು ನನ್ನ ಅಜ್ಜಿಯ ಹಾಗೆಯೇ. ಕಳೆದ ತಿಂಗಳು, ‘ತಾತ, ಸಂಕ ಅಂತ ಹೇಗೆ ಬರೆಯುತ್ತಾರೆ?’ ಎಂದು ಕೇಳಿದಳು. ಸ, ಪಕ್ಕದಲ್ಲಿ ಒಂದು ಸೊನ್ನೆ, ಆಮೇಲೆ ಕ ಎಂದು ಬರೆದು ತೋರಿಸಿದೆ. ಮರುವಾರ ಅವಳು ಹಳ್ಳ, ಸಂಕ, ಮಗಳನ್ನು ಹೊತ್ತ ತಾಯಿ, ಎಲ್ಲವನ್ನೂ ಚಿತ್ರ ಬರೆದು ಕೆಳಗೆ ಆ ಎರಡು ಅಕ್ಷರಗಳನ್ನು ಬರೆದು ಕಳುಹಿಸಿದಳು. ಸೊನ್ನೆ ಸ್ವಲ್ಪ ದೊಡ್ಡದಾಗಿತ್ತು. ಚಿತ್ರದಲ್ಲಿ ಏನೇನಿದೆಯೆಂದು ನಾನು ಹೇಳುತ್ತ ಹೋದೆ. ‘ಅಮ್ಮನ ಸೀರೆಗೆ ಯಾವ ಬಣ್ಣ ಹಾಕಿದ್ದಾಳೆ?’ ಎಂದು ಕೇಳಿದಳು ನನ್ನವಳು. ಹಸಿರು ಎಂದೆ. ‘ಸರಿಯಾಗಿಯೇ ಇದೆ’ ಎಂದಳು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಗಳಲ್ಲಿಯೂ ಕಣ್ಣು ಮಂದವಾದ ಹಿರಿಯರು ಇರಬಹುದು. ದಿನಕ್ಕೆ ಹತ್ತು ನಿಮಿಷ ಅವರ ಪಕ್ಕದಲ್ಲಿ ಕುಳಿತು ಏನನ್ನಾದರೂ ಗಟ್ಟಿಯಾಗಿ ಓದಿ, ಪತ್ರಿಕೆಯಾದರೂ ಸರಿಯೇ. ಓದು ಮುಗಿದ ಕೂಡಲೇ ಏಳಬೇಡಿ. ಅವರು ಏನೋ ಹೇಳಬಹುದು. ಕೈಯಲ್ಲೊಂದು ಪೆನ್ನು ಇರಲಿ.